ರಿಮಾರ್ಕು

ಆಂಗ್ಲ ಭಾಷೆಯಿಂದ ಬಂದು ನಮ್ಮ ಮನೆಗಳಲ್ಲಿ ನೆಲೆಸಿದ ಮಾತುಗಳಲ್ಲಿ ‘ರಿಮಾರ್ಕು’ ಎಂಬುದೂ ಒಂದು. ಲಿಂಗಸುಗೂರಿನ ಕಚೇರಿಯ ಗುಮಾಸ್ತರಿಂದ ಹಿಡಿದು ಗುರುಗುಂಟಾದ ಶಾಲೆಗೆ ಮಕ್ಕಳನ್ನು ಕಳುಹಿಸುವ ತಾಯಂದಿರವರೆಗೆ ಎಲ್ಲರೂ ಅದನ್ನು ಬಲ್ಲರು. ನಿವೃತ್ತರಾದ ಅಧಿಕಾರಿಗಳನ್ನು ಹೊಗಳಬೇಕಾದರೆ, “ಮೂವತ್ತು ವರ್ಷ ನೌಕರಿ ಮಾಡಿದರು, ಒಂದು ರಿಮಾರ್ಕಿಲ್ಲ” ಎನ್ನುವೆವು. “ನಿಮ್ಮ ಹುಡುಗನ ಮೇಲೆ ರಿಮಾರ್ಕು ಬಂದಿದೆ” ಎಂದರೆ, ಬಂದುದು ಏನೆಂದು ಕೇಳುವುದಕ್ಕೆ ಮೊದಲೇ ತಂದೆಯ ಹುಬ್ಬು ಗಂಟಿಕ್ಕುವುದು. ಒಟ್ಟಿನಲ್ಲಿ ನಮ್ಮ ನುಡಿಯಲ್ಲಿ ರಿಮಾರ್ಕೆಂದರೆ ಕಪ್ಪು ಚುಕ್ಕೆ. ಅದು ಇಲ್ಲದಿರುವುದೇ ಭಾಗ್ಯ.

ಈ ಮಾತಿನ ಮೂಲವನ್ನು ನೋಡಿದರೆ ಸೋಜಿಗವೆನಿಸುವುದು. ಅದು ಫ್ರೆಂಚ್ ನುಡಿಯಿಂದ ಆಂಗ್ಲಕ್ಕೆ ಬಂದ ಪದ. ಗುರುತಿಸುವುದು, ಕಣ್ಣಿಟ್ಟು ನೋಡುವುದು ಎಂಬುದು ಅದರ ಮೂಲಾರ್ಥ. ನೋಡಿದುದನ್ನು ಬಾಯಿಬಿಟ್ಟು ಹೇಳುವುದೆಂಬ ಅರ್ಥ ಅದರ ಹಿಂದಿನಿಂದ ಬಂದಿತು. ಆದುದರಿಂದಲೇ ‘ರಿಮಾರ್ಕಬಲ್’ ಎಂದರೆ ಆಂಗ್ಲರಲ್ಲಿ ಇಂದಿಗೂ ಗುರುತಿಸತಕ್ಕದ್ದು, ಅಸಾಧಾರಣವಾದುದು ಎಂದರ್ಥ. ‘ಅಬ್ಸರ್ವೇಶನ್’ ಎಂಬ ಅವರ ಇನ್ನೊಂದು ಪದವೂ ಹಾಗೆಯೇ: ನೋಡುವುದಕ್ಕೂ ಅದೇ, ನೋಡಿ ಹೇಳುವುದಕ್ಕೂ ಅದೇ. ಕಾಣದವನಿಗೆ ಹೇಳುವ ಅಧಿಕಾರವಿಲ್ಲವೆಂಬ ನೀತಿಯೊಂದು ಈ ಪದಗಳಲ್ಲಿ ಅಡಗಿದೆ. ನಾವು ಪದವನ್ನು ತಂದುಕೊಂಡೆವು. ನೋಟವನ್ನು ಅಲ್ಲಿಯೇ ಬಿಟ್ಟು ಬಂದೆವು.

ಹಾಗೆಂದು ಇದು ಆಂಗ್ಲ ಪದಕ್ಕೆ ಮಾತ್ರ ಬಂದ ಗತಿಯಲ್ಲ. ಗುರುಗುಂಟಾ ಒಂದು ಕಾಲಕ್ಕೆ ನಿಜಾಮರ ರಾಜ್ಯದೊಳಗಣ ಚಿಕ್ಕ ಸಂಸ್ಥಾನ. 1948ರಲ್ಲಿ ಆ ರಾಜ್ಯವು ಭಾರತದಲ್ಲಿ ಸೇರುವವರೆಗೆ ಈ ಸೀಮೆಯ ಸರಕಾರಿ ವ್ಯವಹಾರದ ಭಾಷೆ ಉರ್ದು. ಉರ್ದು ತಖ್ತೆಗಳಲ್ಲಿ ರಿಮಾರ್ಕಿನ ಅಂಕಣದ ತಲೆಯ ಮೇಲೆ ‘ಕೈಫಿಯತ್’ ಎಂದು ಬರೆಯುವ ವಾಡಿಕೆ. ಅರಬ್ಬಿಯಲ್ಲಿ ‘ಕೈಫ’ ಎಂದರೆ ಹೇಗೆ. ಕೈಫಿಯತ್ ಎಂದರೆ ಹೇಗಿದೆ ಎಂಬ ಸ್ಥಿತಿ. ಎಷ್ಟು ಸೊಗಸಾದ ಹೆಸರು! ಉಳಿದ ಅಂಕಣಗಳು ಯಾರು, ಎಷ್ಟು, ಯಾವಾಗ ಎಂದು ಕೇಳಿದರೆ ಇದೊಂದು ಅಂಕಣ ಮಾತ್ರ ‘ಹೇಗಿದ್ದಾರೆ?’ ಎಂದು ಕ್ಷೇಮಸಮಾಚಾರ ಕೇಳುತ್ತದೆ. ಕರ್ನಲ್ ಮೆಕೆಂಜಿಯು ದಕ್ಷಿಣದ ಊರೂರುಗಳಿಂದ ಕೂಡಿಹಾಕಿಸಿದ ಸ್ಥಳವೃತ್ತಾಂತಗಳಿಗೂ ಕೈಫಿಯತ್ತುಗಳೆಂದೇ ಹೆಸರಾದುದನ್ನು ವಾಚಕರು ಬಲ್ಲರು.

ಇಂದು ಕರ್ನಾಟಕದ ಕಚೇರಿಯ ನಮೂನೆಗಳಲ್ಲಿ ಕೊನೆಯ ಅಂಕಣಕ್ಕೆ ‘ಷರಾ’ ಎಂದು ಹೆಸರು. ಅದೂ ಅರಬ್ಬಿಯ ‘ಶರ್‌ಹ್’ ಎಂಬುದರಿಂದ ಬಂದುದು. ವಿವರಣೆ, ವ್ಯಾಖ್ಯಾನ ಎಂದು ಅದರ ಅರ್ಥ. ಕಠಿಣ ಗ್ರಂಥವನ್ನು ಬಿಡಿಸಿ ಹೇಳುವ ಪಂಡಿತನ ಕೆಲಸಕ್ಕೆ ಆ ಹೆಸರಿದ್ದಿತು. ನಮ್ಮ ಕಾಗದಗಳಲ್ಲಾದರೋ ಷರಾ ಏನನ್ನೂ ಬಿಡಿಸಿ ಹೇಳುವುದಿಲ್ಲ. ‘ತಿರಸ್ಕರಿಸಿದೆ’ ಎಂದು ಒಂದೇ ಮಾತಿನಲ್ಲಿ ಬಾಗಿಲು ಹಾಕುತ್ತದೆ.

ಸಂಸ್ಕೃತದಿಂದ ಬಂದ ‘ಟೀಕೆ’ಯ ಕಥೆಯೂ ಬೇರೆಯಲ್ಲ. ಹದಿನಾಲ್ಕನೆಯ ಶತಮಾನದ ಶ್ರೀ ಜಯತೀರ್ಥರು ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆಗಳನ್ನು ಬರೆದು ಟೀಕಾಚಾರ್ಯರೆನಿಸಿದರು. ‘ಅನುವ್ಯಾಖ್ಯಾನ’ದ ಮೇಲೆ ಅವರು ಬರೆದ ‘ನ್ಯಾಯಸುಧೆ’ಯು ಮೂಲದ ಒಂದೊಂದು ಮಾತಿನ ಆಶಯವನ್ನೂ ತೆರೆದು ತೋರಿಸುವುದು. ಅಂಥ ಕಾರ್ಯಕ್ಕೆ ಇದ್ದ ಹೆಸರನ್ನು ನಾವು ಈಗ ನಿಂದೆಗೆ ಕೊಟ್ಟಿದ್ದೇವೆ. “ನನ್ನ ಮೇಲೆ ಟೀಕೆ ಮಾಡಿದರು” ಎಂದು ಯಾರಾದರೂ ನೊಂದುಕೊಂಡರೆ, ತನ್ನನ್ನು ಚೆನ್ನಾಗಿ ತಿಳಿದು ವಿವರಿಸಿದರೆಂದು ಅವರ ಅಭಿಪ್ರಾಯವಲ್ಲ.

ಹೀಗೆ ಮೂರು ಕಡೆಯಿಂದ ಬಂದ ಮೂರು ಪದಗಳು ಒಂದೇ ಹಳ್ಳಕ್ಕೆ ಬಿದ್ದುದೇಕೆ? ಅಂಕಣ ಇಕ್ಕಟ್ಟಾದುದೆಂಬುದು ಒಂದು ಕಾರಣ; ಎರಡಂಗುಲದ ಸ್ಥಳದಲ್ಲಿ ‘ಹೇಗೆ’ ಎಂಬುದು ಹಿಡಿಯದು, ತೀರ್ಪು ಮಾತ್ರ ಹಿಡಿಯುವುದು. ಆದರೆ ಮುಖ್ಯ ಕಾರಣ ಬೇರೆ. ಷರಾ ಬರೆಯುವವನು ಯಾವಾಗಲೂ ಮೇಲಿನವನು, ಬರೆಯಿಸಿಕೊಳ್ಳುವವನು ಕೆಳಗಿನವನು. ಬಹಳ ಕಾಲ ಕೆಳಗಿನವನಿಗೆ ಅದನ್ನು ಓದುವ ಹಕ್ಕೇ ಇರಲಿಲ್ಲ. ಗಡಿ ರಸ್ತೆಗಳ ಇಲಾಖೆಯ ದೇವದತ್ತ ಎಂಬ ಎಂಜಿನಿಯರರ ಮೊಕದ್ದಮೆ ಇದಕ್ಕೆ ನಿದರ್ಶನ. ಅವರ ಒಂದು ವರ್ಷದ ಗುಪ್ತ ವರದಿಯಲ್ಲಿ ‘ಉತ್ತಮ’ ಎಂದು ಬರೆದಿದ್ದಿತು. ಬಡ್ತಿಗೆ ಬೇಕಾದುದು ‘ಅತ್ಯುತ್ತಮ’. ಹೊಗಳಿಕೆಯಂತೆ ಕಾಣುವ ಆ ಒಂದು ಮಾತು ಅವರ ಬಡ್ತಿಯನ್ನು ತಡೆಯಿತು. ಅದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. ನೌಕರನ ಬಗ್ಗೆ ಬರೆದ ಪ್ರತಿಯೊಂದು ಷರಾವನ್ನೂ, ಅದು ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅವನಿಗೆ ತಿಳಿಸಲೇಬೇಕೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಎಂಜಿನಿಯರನು ನ್ಯಾಯಾಲಯಕ್ಕೆ ಹೋಗಬಲ್ಲನು. ಹತ್ತು ವರ್ಷದ ಹುಡುಗಿ ಎಲ್ಲಿಗೆ ಹೋಗಬೇಕು? ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ನನಗೆ ಗೊತ್ತಿರುವ ಒಂದು ಮಗುವಿನ ಪ್ರಗತಿಪತ್ರದಲ್ಲಿ, ‘ಗೈರುಹಾಜರಿ ಬಹಳ, ಅಭ್ಯಾಸದಲ್ಲಿ ಆಸಕ್ತಿಯಿಲ್ಲ’ ಎಂದು ಬರೆದಿದ್ದಿತು. ತಂದೆ ಅದನ್ನು ಬೇರೆಯವರಿಂದ ಓದಿಸಿಕೊಂಡು, “ಮಾಸ್ತರೇ ಬರದಾರಲ್ರೀ, ಈಕಿಗೆ ಓದಿನ ಮ್ಯಾಲ ಮನಸಿಲ್ಲಂತ. ಮತ್ಯಾಕ ಸಾಲಿ?” ಎಂದನು. ಮರುವರ್ಷ ತರಗತಿಗೆ ಬಂದ ಬಾಯಿಯವರು ಅದೇ ಗೈರುಹಾಜರಿಯನ್ನು ಕಂಡರು; ಆದರೆ ಆ ದಿನಗಳೆಲ್ಲ ಯಾವ ತಿಂಗಳಲ್ಲಿ ಬೀಳುವುವೆಂದೂ ನೋಡಿದರು. ಅವರು ಬರೆದುದು ಇಷ್ಟು: ‘ಹತ್ತಿ ಬಿಡಿಸುವ ಕಾಲದಲ್ಲಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವಳು. ಬಂದ ದಿನ ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸುವಳು.’ ಆ ಎರಡು ಸಾಲಿಗೆ ಅಂಕಣ ಸಾಲದೆ ಅಕ್ಷರಗಳು ಅಂಚಿಗೆ ಹತ್ತಿದ್ದುವು. ಅದನ್ನು ಕೇಳಿದ ಅಜ್ಜಿ, “ಕೂಸಿನ್ನ ನಾ ನೋಡಿಕೋತೀನಿ, ಅಕಿ ಹೋಗಲಿ” ಎಂದಳು. ಹುಡುಗಿ ಶಾಲೆಯಲ್ಲಿಯೇ ಉಳಿದಳು. ಗೈರುಹಾಜರಿಯನ್ನು ಬಾಯಿಯವರು ಮುಚ್ಚಿಡಲಿಲ್ಲ, ಮಗುವನ್ನು ಸುಮ್ಮನೆ ಹೊಗಳಲೂ ಇಲ್ಲ. ಹೇಗಿದೆಯೋ ಹಾಗೆ ಬರೆದರು. ಅದೇ ಕೈಫಿಯತ್, ಅದೇ ನಿಜವಾದ ಟೀಕೆ.

ಮಾತಿನ ಈ ಹದ ನಮ್ಮ ನಾಡಿಗೆ ಹೊಸದಲ್ಲ. 1915ರಲ್ಲಿ ಇಲ್ಲಿಗೆ ಸಮೀಪದ ಮಸ್ಕಿಯಲ್ಲಿ ದೊರೆತ ಶಾಸನದಿಂದ ದೇವಾನಾಂಪ್ರಿಯನೆಂಬ ದೊರೆಯು ಅಶೋಕನೇ ಎಂಬುದು ಸ್ಥಿರಪಟ್ಟಿತು. ಅದೇ ಅಶೋಕನ ಹನ್ನೆರಡನೆಯ ಶಿಲಾಶಾಸನದ ಭಾಗವು ಭೀಮಾತೀರದ ಸನ್ನತಿಯಲ್ಲಿ ದೊರೆತಿದೆ. ತನ್ನ ಪಂಥವನ್ನು ಹೊಗಳಿಕೊಂಡು ಪರರ ಪಂಥವನ್ನು ಕಾರಣವಿಲ್ಲದೆ ಹಳಿಯಬಾರದು, ಕಾರಣವಿದ್ದರೂ ಮಿತವಾಗಿ ನುಡಿಯಬೇಕು, ಒಬ್ಬರು ಇನ್ನೊಬ್ಬರ ಧರ್ಮವನ್ನು ಕಿವಿಗೊಟ್ಟು ಕೇಳಬೇಕು ಎಂಬುದು ಆ ಶಾಸನದ ತಾತ್ಪರ್ಯ. ನಾಲಗೆಗೆ ಹಿಡಿತ ಹೇಳಿದ ಅರಸನು ಅದರೊಂದಿಗೆ ಕಿವಿಗೂ ಕೆಲಸ ಕೊಟ್ಟನೆಂಬುದನ್ನು ಗಮನಿಸಬೇಕು.

ಪರೀಕ್ಷೆಗಳು ಮುಗಿದು ಮಕ್ಕಳ ಪ್ರಗತಿಪತ್ರಗಳು ಮನೆಗೆ ಬರುವ ಕಾಲ ವರ್ಷಕ್ಕೊಮ್ಮೆ ಇದ್ದೇ ಇದೆ. ಆಗ ಷರಾ ಬರೆಯುವ ಮಾಸ್ತರರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಮಗು ಎಂಥದೆಂದು ತೀರ್ಮಾನಿಸುವ ಬದಲು ತಾವು ಅದರಲ್ಲಿ ಕಂಡುದನ್ನು ಬರೆಯಬೇಕು. ಓದುವ ತಾಯಿತಂದೆಗಳಲ್ಲಿಯೂ ಒಂದು ಬಿನ್ನಹವುಂಟು. ಒಂದೇ ಮಾತಿನ ಷರಾ ಬಂದರೆ ಮಗುವನ್ನು ಗದರಿಸುವ ಮೊದಲು ಶಾಲೆಗೆ ಹೋಗಿ, “ತಾವು ಏನನ್ನು ನೋಡಿ ಇದನ್ನು ಬರೆದಿರಿ?” ಎಂದು ವಿನಯದಿಂದ ಕೇಳಿರಿ. ನೋಡಿ ಬರೆದವರು ಸಂತೋಷದಿಂದ ವಿವರಿಸುವರು. ನೋಡದೆ ಬರೆದವರು ಮುಂದಿನ ಸಲ ನೋಡುವರು.