ಅತ್ತಿಗೆಯ ಫೋನಿಗೆ ಬಾರದ ಸಂದೇಶ

ನಿಮ್ಮ ಮನೆಯಲ್ಲೂ ಹೀಗಾಗಿರಬಹುದು, ಅದಕ್ಕೇ ಬರೆಯುತ್ತಿದ್ದೇನೆ. ಒಬ್ಬರು "ನಾವು ತಿಳಿಸಿದ್ದೇವೆ" ಅನ್ನುತ್ತಾರೆ. ಇನ್ನೊಬ್ಬರು "ನಮಗೆ ಬಂದೇ ಇಲ್ಲ" ಅನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಕೇಳಿದವರು ತೀರ್ಮಾನಿಸಿಬಿಡುತ್ತಾರೆ. ನಾನೂ ಹಾಗೇ ತೀರ್ಮಾನಿಸಿದೆ. ಅದೂ ಇಪ್ಪತ್ತೈದು ವರ್ಷದಿಂದ ನೋಡುತ್ತಾ ಬಂದ ನನ್ನ ಅತ್ತಿಗೆಯ ವಿಷಯದಲ್ಲಿ!

ನನ್ನ ತವರು ಶಿಕಾರಿಪುರ, ಕೊಟ್ಟಿದ್ದು ಸೊರಬಕ್ಕೆ. ನೇರ ಬಸ್ಸು ಸಿಗದಿದ್ದರೆ ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಹತ್ತಬೇಕು. ದೂರವೇನೂ ಅಲ್ಲ. ಆದರೆ ಅಡಿಕೆ ಕೊಯ್ಲು, ಕೊಟ್ಟಿಗೆ, ಅತ್ತೆಯವರ ಪಥ್ಯ ಅಂತ ನನಗೆ ತಿಂಗಳಿಗೊಮ್ಮೆ ಹೋಗುವುದೂ ಕಷ್ಟ. ಅವ್ವ ಅಣ್ಣ-ಅತ್ತಿಗೆಯ ಜೊತೆ ಇದ್ದಾಳೆ. ಹುಚ್ಚರಾಯಸ್ವಾಮಿ ಗುಡಿಗೆ ಒಬ್ಬಳೇ ನಡೆದು ಹೋಗುತ್ತಿದ್ದವಳು, ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಯಾರಾದರೂ ಕೈ ಹಿಡಿಯಬೇಕು. ಕಣ್ಣಿನ ಒಳಪದರದಲ್ಲಿ ರಕ್ತ ಜಿನುಗುತ್ತದಂತೆ. ನೋವಿರುವುದಿಲ್ಲ, ಅದಕ್ಕೇ ಅದು ಕಪಟಿ ಕಾಯಿಲೆ. ತಿಂಗಳು ತಿಂಗಳು ತೋರಿಸುತ್ತಲೇ ಇರಬೇಕು ಅಂದಿದ್ದರು.

ಅಲ್ಲಿನ ಒಂದು ಆಸ್ಪತ್ರೆಗೆ ತಿಂಗಳಿಗೊಂದು ಶನಿವಾರ ಹೊರಗಿನಿಂದ ಕಣ್ಣಿನ ಡಾಕ್ಟರು ಬರುತ್ತಾರೆ. ದಿನ ಬದಲಾದರೆ ತಿಳಿಸಲಿಕ್ಕೆ ಆಸ್ಪತ್ರೆಯವರದೇ ಒಂದು ಆ್ಯಪ್ ಇದೆ. ಅದು ಅತ್ತಿಗೆಯ ಫೋನಿನಲ್ಲಿತ್ತು. 2025ರ ಸೆಪ್ಟೆಂಬರಿನಲ್ಲಿ, ಗಣಪತಿ ಬಿಟ್ಟ ಮೇಲೆ, ಅಣ್ಣ ಅವ್ವನನ್ನು ಶನಿವಾರ ಕರೆದುಕೊಂಡು ಹೋದರೆ ಡಾಕ್ಟರು ಗುರುವಾರವೇ ಬಂದು ಹೋಗಿದ್ದರು. "ನಾವು ಎಲ್ಲರಿಗೂ ಕಳಿಸಿದ್ದೇವಲ್ಲ" ಎಂದು ಆಸ್ಪತ್ರೆಯ ಹುಡುಗಿ ಕಂಪ್ಯೂಟರ್ ತಿರುಗಿಸಿ ತೋರಿಸಿದಳಂತೆ. ಅವ್ವನ ಹೆಸರಿನ ಮುಂದೆ ಹಸಿರು ಗುರುತು.

ಮುಂದಿನ ಸರದಿಗೆ ಮತ್ತೊಂದು ತಿಂಗಳು. ಅಷ್ಟರಲ್ಲಿ ಅವ್ವ ಅಕ್ಕಿ ಆರಿಸುವುದನ್ನು ಬಿಟ್ಟಿದ್ದಳು. ಕೈಯಲ್ಲಿ ಮರ ಹಿಡಿದು ಕೂತು, ಕಲ್ಲು ಯಾವುದು ಅಕ್ಕಿ ಯಾವುದು ಕಾಣದೆ, ಸುಮ್ಮನೆ ಬೆರಳಾಡಿಸುತ್ತಿದ್ದಳಂತೆ. ಇದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಅತ್ತಿಗೆಗೆ ಫೋನ್ ಮಾಡಿ, "ನೋಡಿಯೂ ಯಾಕೆ ಹೇಳಲಿಲ್ಲ? ನಿಮ್ಮ ತಾಯಿಯಾಗಿದ್ದರೆ ಮರೆಯುತ್ತಿದ್ದಿರಾ?" ಅಂದುಬಿಟ್ಟೆ. "ಏನೂ ಬಂದಿಲ್ಲ, ದೇವರಾಣೆ" ಅಂದರು. ನಾನು ನಂಬಲಿಲ್ಲ. ಕಂಪ್ಯೂಟರಿನ ಹಸಿರು ಗುರುತನ್ನು ನಂಬಿದೆ.

ದೀಪಾವಳಿಗೆ ಮಗ ಬೆಂಗಳೂರಿನಿಂದ ಬಂದ. ಅವನ ಕೆಲಸವೇ ಇಂಥ ಆ್ಯಪ್‌ಗಳದ್ದು. ನಾನು ಹೇಳಿದ್ದನ್ನೆಲ್ಲ ಕೇಳಿ, "ಅಮ್ಮಾ, ಹಸಿರು ಗುರುತು ಅಂದರೆ ಏನು ಅಂತ ಕೇಳಿದಿಯಾ?" ಅಂದ. ಇದೆಂಥಾ ಪ್ರಶ್ನೆ ಅಂತ ನನಗೆ ಸಿಟ್ಟೇ ಬಂತು. ಪಾಡ್ಯದ ಮರುದಿನ ಇಬ್ಬರೂ ಶಿಕಾರಿಪುರಕ್ಕೆ ಹೋದೆವು. ಅತ್ತಿಗೆ ನೀರು ಕೊಟ್ಟರು, ಚಹಾ ಕೊಟ್ಟರು, ಮಾತು ಕೊಡಲಿಲ್ಲ.

ಮಗ ಮೊದಲು ಫೋನ್ ನೋಡಿದ. ಆ ಆ್ಯಪ್‌ಗೆ ನೋಟಿಫಿಕೇಶನ್ ತೋರಿಸಲು ಅನುಮತಿಯೇ ಇರಲಿಲ್ಲ. 2022ರಲ್ಲಿ ಬಂದ ಆ್ಯಂಡ್ರಾಯ್ಡ್ 13ರಿಂದ ಈಚೆಗೆ ನಾವಾಗಿ 'ಆಗಲಿ' ಅನ್ನದಿದ್ದರೆ ಹೊಸದಾಗಿ ಹಾಕಿದ ಆ್ಯಪ್ ಬಾಯಿ ಬಿಡುವಂತಿಲ್ಲ. ಅದರ ಜೊತೆಗೆ ಬ್ಯಾಟರಿ ಉಳಿಸುವ ಕಟ್ಟುಪಾಡು ಬೇರೆ. ಫೋನನ್ನು ಮುಟ್ಟದೆ ಇಟ್ಟರೆ ಅದು ನಿದ್ದೆ ಹೋಗುತ್ತದೆ, ತುರ್ತು ಎಂದು ಗುರುತು ಹಾಕಿದ ಸಂದೇಶ ಮಾತ್ರ ಅದನ್ನು ಎಬ್ಬಿಸುತ್ತದೆ, ಉಳಿದದ್ದು ಕಾಯುತ್ತದೆ. ಮಲಗಿದ ಕೂಸನ್ನು ನೆಂಟರು ಬಂದರು ಅಂತ ನಾವು ಎಬ್ಬಿಸುತ್ತೇವೆಯೇ? ಹಾಗೆ. ಎರಡನ್ನೂ ಸರಿ ಮಾಡಿ ಆಸ್ಪತ್ರೆಯವರಿಗೆ ಹೇಳಿ ಒಂದು ಸಂದೇಶ ಕಳಿಸಿಸಿದ. ಅಲ್ಲಿ ಹಸಿರು ಗುರುತು ಬಿತ್ತಂತೆ. ಇಲ್ಲಿ ಫೋನು ಮೂಕ.

ಆಗ ಅವನು ಅತ್ತಿಗೆಯನ್ನು ಕೇಳಿದ, "ಅತ್ತೆ, ಈ ಫೋನು ಯಾವಾಗ ತಗೊಂಡಿದ್ದು?"

ಜೂನಿನಲ್ಲಿ. ಹಳೆಯದು ಬಚ್ಚಲಿನ ಹಂಡೆಗೆ ಬಿದ್ದು ಸತ್ತಿತ್ತು. ಅಂಗಡಿಯ ಹುಡುಗ ಹಳೇ ಗೂಗಲ್ ಖಾತೆ ಹಾಕಿ ಎಲ್ಲವನ್ನೂ ಇದ್ದ ಹಾಗೇ ತಂದುಕೊಟ್ಟಿದ್ದ. ಆಸ್ಪತ್ರೆಯ ಆ್ಯಪ್ ಕೂಡ ಅವ್ವನ ಹೆಸರಿನ ಸಮೇತ ಬಂದಿತ್ತು. ಎಲ್ಲ ಸರಿಯಾಗಿದೆ ಅಂತ ಕಾಣುವುದೇ ಇಲ್ಲಿ ಮೋಸ ಮಾಡಿದ್ದು.

ಮಗ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ತಪ್ಪಿದ್ದರೆ ಮನೆಯಲ್ಲಿರುವ ಮಕ್ಕಳನ್ನು ಕೇಳಿ ತಿದ್ದಿಕೊಳ್ಳಿ. ಆಸ್ಪತ್ರೆಯ ಕಂಪ್ಯೂಟರು, ಅಂದರೆ ಸರ್ವರ್, ನಮ್ಮ ಫೋನಿಗೆ ನೇರವಾಗಿ ಏನನ್ನೂ ಕಳಿಸುವುದಿಲ್ಲ. ಗೂಗಲ್‌ನವರ ಅಂಚೆಮನೆಯಂಥ ವ್ಯವಸ್ಥೆಯ ಕೈಗೆ ಕೊಡುತ್ತದೆ, ಐಫೋನ್ ಆದರೆ ಆ್ಯಪಲ್‌ನವರ ಕೈಗೆ. ಪ್ರತಿ ಫೋನಿನ ಪ್ರತಿ ಆ್ಯಪ್‌ಗೂ ಟೋಕನ್ ಎಂಬ ಒಂದು ಉದ್ದನೆಯ ವಿಳಾಸ. ಫೋನು ಬದಲಾದರೆ ಟೋಕನ್ನೂ ಬದಲು. ಹೊಸ ಟೋಕನ್ ಸಿಕ್ಕಕೂಡಲೇ ಆ್ಯಪ್ ಅದನ್ನು ಸರ್ವರಿಗೆ ತಿಳಿಸಬೇಕು. ಈ ಆ್ಯಪ್ ಮಾಡಿದವರು ಮೊದಲ ಸಲ ಫೋನ್ ನಂಬರು ಕೊಟ್ಟು ಒಳಗೆ ಹೋಗುವಾಗ ಮಾತ್ರ ತಿಳಿಸುವ ಹಾಗೆ ಬರೆದಿದ್ದರು. ಅತ್ತಿಗೆ ನಂಬರು ಕೊಡುವ ಪ್ರಸಂಗವೇ ಬರಲಿಲ್ಲವಲ್ಲ, ಎಲ್ಲ ತಾನಾಗಿ ಬಂದಿತ್ತು! ಹೀಗಾಗಿ ಹಂಡೆಯಲ್ಲಿ ಸತ್ತ ಫೋನಿಗೇ ಮೂರು ತಿಂಗಳು ಸಂದೇಶ ಹೋಗುತ್ತಿತ್ತು. ಜುಲೈ, ಆಗಸ್ಟಿನಲ್ಲಿ ಮಾಮೂಲು ಶನಿವಾರವೇ ಹೋಗಿಬಂದಿದ್ದರಿಂದ ಬಂತೋ ಇಲ್ಲವೋ ಎಂದು ಯಾರೂ ಗಮನಿಸಿರಲಿಲ್ಲ.

"ಸತ್ತ ಫೋನಿಗೆ ಹಸಿರು ಗುರುತು ಹೇಗೆ ಬಿತ್ತು?" ಎಂದು ಕೇಳಿದೆ. ಹಸಿರು ಅಂದರೆ ಗೂಗಲ್ ಸಂದೇಶವನ್ನು ತೆಗೆದುಕೊಂಡಿತು ಅಂತ ಮಾತ್ರ. ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದ ಹಾಗೆ. ಫೋನು ಸಿಗದಿದ್ದರೆ ಬೇರೆ ಅವಧಿ ಹೇಳದ ಹೊರತು ನಾಲ್ಕು ವಾರ ಇಟ್ಟುಕೊಂಡು ಆಮೇಲೆ ಎಸೆಯುತ್ತದೆ. ಆ್ಯಂಡ್ರಾಯ್ಡ್ ಫೋನು 270 ದಿನ ಸುಳಿವೇ ಕೊಡದಿದ್ದರೆ ಆಗ ಆ ಟೋಕನ್ ರದ್ದಾಗಿ, ಮುಂದೆ ಕಳಿಸಿದಾಗ 'ಈ ವಿಳಾಸದಲ್ಲಿ ಯಾರೂ ಇಲ್ಲ' ಎಂದು ವಾಪಸು ಉತ್ತರ ಬರುತ್ತದೆ. ನಮ್ಮ ಕಡೆ ರಿಜಿಸ್ಟರ್ ಕಾಗದದ ಜೊತೆ ಸಹಿ ಹಾಕಿ ವಾಪಸು ಕಳಿಸುವ ಚೀಟಿ ಇರುತ್ತಿತ್ತು, ನೆನಪಿದೆಯೇ? (2025ರಲ್ಲಿ ಆ ರಿಜಿಸ್ಟರ್ ಅಂಚೆಯನ್ನೂ ಸ್ಪೀಡ್ ಪೋಸ್ಟಿಗೆ ಸೇರಿಸಿಬಿಟ್ಟರು.) ಅಂಥ ಚೀಟಿ ಇಲ್ಲಿ ತಾನಾಗಿ ಬರುವುದಿಲ್ಲ. ಆ್ಯಪ್ ಮಾಡಿದವರೇ ಅದಕ್ಕೆ ಏರ್ಪಾಡು ಮಾಡಬೇಕು.

ಆ್ಯಪಲ್‌ನವರು 2009ರಲ್ಲಿ ಇದನ್ನು ಶುರು ಮಾಡಿದಾಗ, ಸತ್ತ ವಿಳಾಸಗಳ ಪಟ್ಟಿಯನ್ನು ಬೇರೆಯಾಗಿಯೇ ಇಡುತ್ತಿದ್ದರಂತೆ, ಕಳಿಸುವವರು ಆಗಾಗ ಹೋಗಿ ಕೇಳಿ ಪಡೆಯಬೇಕಿತ್ತು. ಆ ಹಳೇ ಪದ್ಧತಿ 2021ಕ್ಕೆ ನಿಂತಿತು. ಈಗ ಕಳಿಸಿದ ಕೂಡಲೇ ಉತ್ತರ ಬರುತ್ತದೆ. ಬಂದ ಉತ್ತರವನ್ನು ಓದುವವರು ಬೇಕಲ್ಲ!

ಆ್ಯಪ್ ಮಾಡಿದ ಹುಡುಗನ ಜೊತೆ ಮಗ ಫೋನಿನಲ್ಲಿ ಎರಡು ಗಂಟೆ ಮಾತಾಡಿದ. ಆ ಹುಡುಗ ಒಳ್ಳೆಯವನೇ, ಜಗಳಕ್ಕೆ ಬರಲಿಲ್ಲ. ಸರ್ವರಿನ ದಾಖಲೆ ತೆಗೆದು ನೋಡಿದರೆ 'ಯಾರೂ ಇಲ್ಲ' ಎಂದು ವಾಪಸು ಬಂದ ಉತ್ತರಗಳು ತಿಂಗಳುಗಟ್ಟಲೆ ಬಿದ್ದಿದ್ದವು, ನಮ್ಮಂಥ ಇನ್ನೂ ಹಲವು ಮನೆಗಳವು. ಅವರಲ್ಲಿ ಯಾರ ಮನೆಯಲ್ಲಿ ಯಾರು ಯಾರನ್ನು ಬೈದರೋ. ಈಗ ಆ್ಯಪ್ ತೆರೆದಾಗಲೆಲ್ಲ ಟೋಕನ್ ಹೊಸದಾಗಿ ಸರ್ವರಿಗೆ ಹೋಗುತ್ತದೆ, ಸಂದೇಶ ಮುಟ್ಟಿದೊಡನೆ ಫೋನು 'ಬಂತು' ಎಂದು ತಿರುಗಿ ಹೇಳುತ್ತದೆ. ಸಂಜೆಯೊಳಗೆ ಹಾಗೆ ಹೇಳದವರಿಗೆ ಆಸ್ಪತ್ರೆಯ ಹುಡುಗಿ ಕರೆ ಮಾಡುತ್ತಾಳೆ.

ನೀವೂ ಹೊಸ ಫೋನು ಕೊಂಡಾಗ ಆಸ್ಪತ್ರೆಯದೋ, ಮಕ್ಕಳ ಶಾಲೆಯದೋ ಆ್ಯಪ್ ಇದ್ದರೆ ಅದನ್ನು ಒಮ್ಮೆ ಮುಚ್ಚಿ, ಹೊರಬಂದು, ಮತ್ತೆ ನಂಬರು ಕೊಟ್ಟು ಒಳಗೆ ಹೋಗಿ. ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅನುಮತಿ ನೋಡಿ. ಒಂದು ಸಂದೇಶ ಕಳಿಸಿ ಅಂತ ಅವರನ್ನೇ ಕೇಳಿ, ಬರುವವರೆಗೆ ಬಿಡಬೇಡಿ. ಇಷ್ಟು ಕೇಳಲು ಸಂಕೋಚ ಬೇಡ.

ಆ ದಿನ ಸಂಜೆ ಅತ್ತಿಗೆ ದೋಸೆಗೆ ರುಬ್ಬುತ್ತಿದ್ದರು. ಹತ್ತಿರ ಹೋಗಿ, "ತಪ್ಪಾಯಿತು ಅತ್ತಿಗೆ" ಅಂದೆ. ಅವರು ತಲೆ ಎತ್ತಲಿಲ್ಲ. "ನೀನು ಬಂತಾ ಅಂತ ಕೇಳಬಹುದಿತ್ತು. ಯಾಕೆ ಹೇಳಲಿಲ್ಲ ಅಂತ ಕೇಳಿದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಉಪ್ಪಿನ ಭರಣಿ ಕೊಡು" ಅಂದರು.

ಹೋದ ಕಣ್ಣು ವಾಪಸು ಬರುವುದಿಲ್ಲ, ಉಳಿದಿದ್ದನ್ನು ಉಳಿಸಿಕೊಳ್ಳೋಣ ಎಂದು ಡಾಕ್ಟರು ಹೇಳಿದ್ದಾರೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಲೇಸರ್ ಮಾಡಿಸಿದೆವು. ಅವ್ವ ಮತ್ತೆ ಅಕ್ಕಿ ಮರ ಹಿಡಿಯಲಿಲ್ಲ. ಆದರೆ ಅತ್ತಿಗೆಯ ಫೋನು ಟಿಣ್ ಅಂದರೆ ಸಾಕು, ಒಳಗಿನಿಂದ ಕೂಗುತ್ತಾಳೆ: "ನೋಡೇ, ಡಾಕ್ಟರದ್ದಾ?"