ಬಾಗಿಲಿನ ಒಳಮೈ

ಸೀರೆಗೆ ಫಾಲ್ಸ್ ಹಚ್ಚುವಾಗ, ರವಿಕೆಗೆ ಲೈನಿಂಗ್ ಕೊಡುವಾಗ ನನಗೊಂದು ಯೋಚನೆ ಬರುವುದುಂಟು. ನಾವು ಹೆಂಗಸರು ಯಾರ ಕಣ್ಣಿಗೂ ಬೀಳದ ಕಡೆಗೆ ಎಷ್ಟೊಂದು ದಾರ ಖರ್ಚು ಮಾಡುತ್ತೇವೆ! ನೋಡುವವರಿಗೆ ಅಂಚು, ಸೆರಗು. ಉಟ್ಟವರಿಗೆ ತಾಗುವುದು ಒಳಮೈ. ಕಾರಿನ ಕಥೆಯೂ ಹೀಗೆಯೇ ಎಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಗಂಡಸರು ಕಾರನ್ನು ಹೊರಗೆ ನಿಂತು ನೋಡುತ್ತಾರೆ, ಬಾನೆಟ್ ಎತ್ತಿ ತಲೆದೂಗುತ್ತಾರೆ. ಹಿಂದಿನ ಸೀಟಿನಲ್ಲೇ ಕೂತು ಬಂದ ನಮ್ಮಂಥವರಿಗೆ ಕಾರು ಎಂದರೆ ಪಕ್ಕದಲ್ಲಿರುವ ಬಾಗಿಲಿನ ಒಳಬದಿ, ಅಷ್ಟೇ.

ನಮ್ಮ ಮಾವನವರದು 1967ರ ಫಿಯೆಟ್ 1100 ಡಿಲೈಟ್. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ತಯಾರಿಸುತ್ತಿದ್ದ ಗಾಡಿ. ಇದೇ ಗಾಡಿ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಎಪ್ಪತ್ತರ ದಶಕದಲ್ಲಿ ‘ಪದ್ಮಿನಿ’ ಎಂಬ ಹೆಸರು ಪಡೆದು ಮನೆಮಾತಾಯಿತು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲವದು. ಗೇರು ನೆಲದಲ್ಲಿರದೆ ಸ್ಟೀರಿಂಗಿನ ಪಕ್ಕದಲ್ಲಿ ಕೋಲಿನ ಹಾಗೆ ಇರುತ್ತಿತ್ತು. ಮುಂದೆಯೂ ಬೆಂಚಿನಂಥ ಒಂದೇ ಉದ್ದ ಸೀಟು. ಶಿವಮೊಗ್ಗದಲ್ಲಿ ವಕೀಲರಾಗಿದ್ದ ಮಾವನವರು ಕೋರ್ಟಿಗೆ ಹೊರಟರೆಂದರೆ ಬೀದಿಯ ಮಕ್ಕಳೆಲ್ಲ ಗೇಟಿಗೆ ಬರುತ್ತಿದ್ದರಂತೆ.

ನಾನು 1993ರಲ್ಲಿ ಸೊಸೆಯಾಗಿ ಬಂದಾಗ ಕಾರಿನಲ್ಲಿ ಯಾರು ಎಲ್ಲಿ ಎಂಬುದು ಊಟದ ಪಂಕ್ತಿಯಷ್ಟೇ ಕಟ್ಟುನಿಟ್ಟಾಗಿತ್ತು. ಮುಂದೆ ಮಾವನವರು, ಅವರ ಪಕ್ಕ ನಮ್ಮವರು ಅಥವಾ ಯಾರಾದರೂ ಕಕ್ಷಿದಾರರು. ಹಿಂದೆ ಎಡಗಡೆ ಅತ್ತೆ, ಬಲಗಡೆ ನಾನು. ಗಾಂಧಿ ಬಜಾರಿನ ಜನಸಂದಣಿಯಲ್ಲಿ ಗಾಜು ಇಳಿಸಿದರೆ ಮಾವನವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅತ್ತೆ ಗಾಜಿನ ಹಿಡಿಕೆಯ ಮೇಲೆ ಕೈಯಿಟ್ಟು ಕೂರುತ್ತಿದ್ದರೇ ಹೊರತು ಅದನ್ನು ತಿರುಗಿಸಿದ್ದನ್ನು ನಾನು ನೋಡಿಲ್ಲ. ವರ್ಷಗಟ್ಟಲೆ ಬಳೆ ಉಜ್ಜಿ ಉಜ್ಜಿ ಆ ಬಾಗಿಲಿನ ರೆಕ್ಸಿನ್ ಮೇಲೆ ಬಾಚಣಿಗೆ ಎಳೆದಂತೆ ಗೆರೆಗಳು ಮೂಡಿದ್ದವು.

2006ರಲ್ಲಿ ಮಾವನವರು ತೀರಿಕೊಂಡ ಮೇಲೆ ಕಾರು ಶೆಡ್ಡು ಸೇರಿತು. ಅದರ ಮೇಲೆ ಮೊದಲು ಟಾರ್ಪಾಲು, ಆಮೇಲೆ ಹಳೆಯ ಚಾಪೆ, ಆಮೇಲೆ ತೆಂಗಿನಕಾಯಿ ಮೂಟೆ. ನಮ್ಮವರು ಗುಜರಿಗೆ ಹಾಕೋಣವೆಂದು ವರ್ಷಕ್ಕೊಮ್ಮೆ ಹೇಳುತ್ತಿದ್ದರು. ಮೂಟೆ ಇಳಿಸಿ ಚಾಪೆ ಎಳೆದವಳು ನಮ್ಮ ಮಗಳು. ಎಂಜಿನಿಯರಿಂಗ್ ಓದಿ ಕೆಲಸದಲ್ಲಿದ್ದಾಳೆ, 2023ರಲ್ಲಿ ಇಪ್ಪತ್ತೆಂಟು ತುಂಬಿತ್ತು. ಆ ವಯಸ್ಸಿನ ಹೆಣ್ಣುಮಗಳು ಒಡವೆ ಮಾಡಿಸದೆ ಕಾರ್ಬುರೇಟರ್ ಹುಡುಕುತ್ತ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿದರೆ ನೆಂಟರು ಸುಮ್ಮನಿರುತ್ತಾರೆಯೇ? ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂದು ನಾದಿನಿ ಗಾದೆ ಹೇಳಿದಳು. ಒಂದು ಕಡೆಯವರು ಹೆಣ್ಣು ನೋಡಲು ಬಂದವರು ಶೆಡ್ಡಿನತ್ತ ಕಣ್ಣು ಹಾಯಿಸಿ, “ಹುಡುಗಿ ಸಂಬಳ ಎಲ್ಲ ಇದಕ್ಕೇ ಹೋಗುತ್ತೋ?” ಎಂದು ಕೇಳಿದರು. ಮಾತು ಅಲ್ಲಿಗೇ ನಿಂತಿತು. ನಮ್ಮವರು ಮಗಳೊಡನೆ ಎಂಟು ದಿನ ಮಾತು ಬಿಟ್ಟರು. ಅವಳು ಶೆಡ್ಡಿನಲ್ಲಿ ಬಾಗಿಲ ಕಡೆ ಬೆನ್ನು ಹಾಕಿಕೊಂಡು ಸ್ಪಾನರ್ ಒರೆಸುತ್ತ ಕೂತಿರುತ್ತಿದ್ದಳು, ಅಳುತ್ತಿದ್ದಳೆಂದು ಕಾಣುತ್ತದೆ. ನನಗೆ ಉಪದೇಶ ಮಾಡಲು ಬರುವುದಿಲ್ಲ, ತರಗತಿಯಲ್ಲಿ ಮಾಡಿ ಮಾಡಿ ಅದು ಅಲ್ಲಿಗೇ ಸಾಕಾಗಿದೆ. “ಎಂಜಿನ್ ನಿಂದು, ಬಾಗಿಲು ನಂದು. ಅದರ ಖರ್ಚು ನನ್ನ ಸಂಬಳದಲ್ಲಿ” ಎಂದೆ.

ಹಳೆಯ ಕಾರಿಗೆ ಹೊಸ ಅಲಂಕಾರ ಮಾಡಲು ಕಾನೂನು ಒಪ್ಪುತ್ತದೆಯೇ ಎಂಬ ಸಂಶಯ ನನಗಿತ್ತು. 2021ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿ ‘ವಿಂಟೇಜ್’ ಎನಿಸಿಕೊಳ್ಳಬೇಕಾದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು ಎಂದು ಮಗಳು ಓದಿ ಹೇಳಿದಳು. ಆದ್ದರಿಂದ ಆ ಮೂರನ್ನೂ ಅವಳು ಬದಲಿಸಲಿಲ್ಲ. ಮುಂದಿನ ಬೆಂಚು ತೆಗೆದು ಎರಡು ಬಿಡಿ ಸೀಟು ಹಾಕಿಸಿದಳು, ಬಾಗಿಲಿನೊಳಗೆ ಹಾಡಿಗೆ ಸ್ಪೀಕರ್ ಬೇಕೆಂದಳು. ಹೊಸ ಸೀಟಿನ ಪಕ್ಕದಲ್ಲಿ ಹಳೆಯ ಬಾಗಿಲು ಹೊಸ ಸೀರೆಗೆ ಹಳೆಯ ರವಿಕೆ ತೊಟ್ಟಂತೆ ಕಾಣುತ್ತಿತ್ತು.

ಆಟೋ ಕಾಂಪ್ಲೆಕ್ಸಿನ ಒಂದು ಕುಶನ್ ಅಂಗಡಿಯ ಭಾಯ್ ಈ ಕೆಲಸ ಒಪ್ಪಿಕೊಂಡರು. ಬಾಗಿಲಿನ ಒಳಹೊದಿಕೆಗೆ ಅವರ ಮಾತಿನಲ್ಲಿ ‘ಡೋರ್ ಪ್ಯಾಡ್’ ಎಂದು ಹೆಸರು. ಹಿಡಿಕೆಗಳನ್ನು ಬಿಚ್ಚಿ, ಅಂಚಿನಲ್ಲಿ ಚಪ್ಪಟೆ ಪಟ್ಟಿ ತೂರಿಸಿ ಮೀಟಿದರೆ ಒಳಗಿನ ಸ್ಪ್ರಿಂಗ್ ಕ್ಲಿಪ್ಪುಗಳು ಟಪ್ ಟಪ್ಪೆಂದು ಬಿಡುತ್ತವೆ. ನಾಲ್ಕೂ ಪ್ಯಾಡುಗಳ ರಟ್ಟು ನೆನೆದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಕಾರಣ ಕೇಳಿದೆ. ಗಾಜಿನ ಸಂದಿಯಿಂದ ಮಳೆನೀರು ಬಾಗಿಲಿನೊಳಗೆ ಇಳಿದೇ ಇಳಿಯುತ್ತದಂತೆ. ಅದು ಹರಿದುಹೋಗಲೆಂದು ಅಡಿಯಲ್ಲಿ ತೂತುಗಳಿರುತ್ತವೆ. ನಮ್ಮ ಕಾರಿನಲ್ಲಿ ಆ ತೂತುಗಳು ಮಣ್ಣು ತುಂಬಿ ಮುಚ್ಚಿದ್ದವು. ಮೊದಲು ಅವನ್ನು ಬಿಡಿಸಿ, ತುಕ್ಕು ಕೆರೆದು, ಲೋಹಕ್ಕೂ ಪ್ಯಾಡಿಗೂ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿದರು.

ಹಳೆಯ ರಟ್ಟನ್ನೇ ಅಳತೆಗೆ ಇಟ್ಟುಕೊಂಡು ನೀರು ತಡೆಯುವ ತೆಳು ಪ್ಲೈವುಡ್ ಕತ್ತರಿಸಿದರು. ಅಳತೆರವಿಕೆ ಇಟ್ಟು ಹೊಸದನ್ನು ಕತ್ತರಿಸುತ್ತೇವಲ್ಲ, ಹಾಗೆಯೇ. ಆದರೆ ನಾವು ಹೊಲಿಗೆಗೆಂದು ಬಟ್ಟೆ ಹೆಚ್ಚು ಬಿಟ್ಟರೆ ಅವರು ಸುತ್ತಲೂ ಎರಡು ಮೂರು ಮಿಲಿಮೀಟರ್ ಕಡಿಮೆ ಮಾಡಿದರು. ರೆಕ್ಸಿನ್ ಅಂಚನ್ನು ಸುತ್ತಿ ಹಿಂದಕ್ಕೆ ಹೋಗುವುದರಿಂದ ಅದರ ದಪ್ಪಕ್ಕೆ ಜಾಗ ಬೇಕು. ಬರಿಯ ಪ್ಲೈಯನ್ನೇ ಒಮ್ಮೆ ಬಾಗಿಲಿಗೆ ಕೂರಿಸಿ, ತೆರೆದು ಮುಚ್ಚಿ ನೋಡಿದ ಮೇಲೆಯೇ ಮುಂದಿನ ಕೆಲಸ.

ಮಗಳಿಗೆ ಮಧ್ಯದಲ್ಲಿ ಗುಳೇದಗುಡ್ಡದ ಖಣ ಹಾಕಿಸುವ ಆಸೆ. ಭಾಯ್ ಬೇಡವೆನ್ನಲಿಲ್ಲ, ಒಂದು ತುಂಡಿಗೆ ಅಂಟು ಹಚ್ಚಿ ತೋರಿಸಿದರು. ಅಂಟು ಬಟ್ಟೆಯ ಮೇಲಕ್ಕೆ ಜಿನುಗಿ ಎಣ್ಣೆಯ ಕಲೆಯಂತಾಯಿತು. “ಬಿಸಿಲಿಗೆ ಬಣ್ಣಾನೂ ನಿಲ್ಲಲ್ಲ ಮೇಡಂ” ಎಂದರು. ಕೊನೆಗೆ ಮೇಲೆ ಕೆನೆ ಬಣ್ಣ, ಕೆಳಗೆ ಖಣದ ಕುಂಕುಮಗೆಂಪು ರೆಕ್ಸಿನ್, ನಡುವೆ ಒಂದೂವರೆ ಇಂಚಿಗೊಂದು ಉದ್ದ ಹೊಲಿಗೆ ಎಂದಾಯಿತು. ರೆಕ್ಸಿನ್ ಅಡಿಗೆ ತೆಳುವಾದ ಸ್ಪಂಜು ಇಟ್ಟು ಹೊಲಿದರೆ ಗೆರೆಗಳ ನಡುವೆ ಅದು ದಿಂಡಿನಂತೆ ಉಬ್ಬುತ್ತದೆ.

ಆ ಹೊಲಿಗೆ ನಾನು ಹಾಕುತ್ತೇನೆಂದು ಕುಳಿತೆ. ನಮ್ಮ ಮನೆಯ ಹೊಲಿಗೆಯಂತ್ರಕ್ಕೆ ಇದು ಜಗ್ಗುವುದಿಲ್ಲ. ಅವರದು ದಪ್ಪ ಸೂಜಿಯ ಭಾರಿ ಯಂತ್ರ. ನಾನು ಅಭ್ಯಾಸಬಲದಿಂದ ಒತ್ತಾದ ಹೊಲಿಗೆ ಇರಲೆಂದೆ. “ಬ್ಯಾಡ ಮೇಡಂ, ಒತ್ತಾಗಿ ಹೊಲಿದ್ರೆ ಅಂಚೆಚೀಟಿ ಹಾಗೆ ಹರಿದು ಬರ್ತದೆ. ಬಟ್ಟೆ ತೂತು ಮುಚ್ಕೊಳ್ತದೆ, ರೆಕ್ಸಿನ್ ಮುಚ್ಕೊಳ್ಳಲ್ಲ” ಎಂದು ಭಾಯ್ ಹೊಲಿಗೆಯನ್ನು ಉದ್ದ ಮಾಡಿಕೊಟ್ಟರು. ಹತ್ತಿಯ ದಾರ ತೇವಕ್ಕೆ ಕೊಳೆಯುವುದರಿಂದ ಪಾಲಿಯೆಸ್ಟರ್ ದಾರ. ಬಿಚ್ಚಿ ಹೊಲಿಯುವ ಅವಕಾಶವಿಲ್ಲದ ಹೊಲಿಗೆಯನ್ನು ಹಾಕುವಾಗ ಕೈ ಎಷ್ಟು ಎಚ್ಚರವಾಗುತ್ತದೆ, ನೋಡಿ! ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಗೆರೆ ಎಳೆದ ಕೈ ನನಗೆ ಅಂದು ಒದಗಿ ಬಂತು.

ಅಂಟಿಸುವ ಕೆಲಸದಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. ಎರಡೂ ಕಡೆ ಅಂಟು ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ನಿಲ್ಲಿಸಿದ ಕಾರಿನೊಳಗಿನ ಬೇಸಗೆಯ ಕಾವಿಗೆ ಬಿಟ್ಟುಕೊಳ್ಳದಂಥ ಅಂಟೇ ಆಗಬೇಕು. ರೆಕ್ಸಿನ್ನನ್ನು ಮೊದಲು ನಾಲ್ಕು ಬದಿಯ ನಡುಮಧ್ಯದಲ್ಲಿ ಎಳೆದು ಹಿಡಿಸಿ, ಅಲ್ಲಿಂದ ಮೂಲೆಗಳತ್ತ ಸಾಗಬೇಕು. ಒಳತಿರುವಿಗೆ ರವಿಕೆಯ ಕತ್ತಿಗೆ ಕೊಡುವಂತೆ ಸಣ್ಣ ಸಣ್ಣ ಕಟ್ ಕೊಡಬೇಕು, ಹೊರಮೂಲೆಯಲ್ಲಿ ಮೂರು ಮೂಲೆಯ ಚೂರು ತೆಗೆಯಬೇಕು. ಇಲ್ಲದಿದ್ದರೆ ನೆರಿಗೆ ಬೀಳುತ್ತದೆ. “ಮೇಡಂಗೆ ಎಲ್ಲ ಬರ್ತದೆ” ಎಂದು ಭಾಯ್ ತಮ್ಮ ಹುಡುಗನಿಗೆ ಹೇಳಿದ್ದು ಕೇಳಿ, ನನಗೆ ಬಿ.ಎಡ್. ಪಾಸಾದಷ್ಟೇ ಸಂತೋಷವಾಯಿತು.

ಕೊನೆಯದು ಓಡಿಸುವವರ ಬಾಗಿಲು. ಅದರ ಕೈ ಊರುವ ಪಟ್ಟಿಯನ್ನು ಕೂರಿಸುವ ಮುಂಚೆ ಭಾಯ್ ಕೇಳಿದರು: “ಗಾಡಿ ಯಾರು ಓಡಿಸೋದು?” ಮಗಳು ತಾನೆಂದಳು. ಅವಳನ್ನು ಹೊಸ ಸೀಟಿನಲ್ಲಿ ಕೂರಿಸಿ, ಸ್ಟೀರಿಂಗ್ ಹಿಡಿಸಿ, ಮೊಣಕೈ ಬರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಮಾವನವರ ಕಾಲದಿಂದ ಇದ್ದ ಜಾಗಕ್ಕೂ ಈ ಗುರುತಿಗೂ ಎರಡು ಇಂಚು ವ್ಯತ್ಯಾಸ. ಗಾಜಿನ ಹಿಡಿಕೆ ಸುತ್ತುವಾಗ ಗೆಣ್ಣು ತಾಗದಂತೆ ನೋಡಿಕೊಂಡು, ಪ್ಲೈ ಹಿಂದೆ ಮರದ ತುಂಡು ಕೊಟ್ಟು, ಪಟ್ಟಿಯನ್ನು ಹೊಸ ಜಾಗಕ್ಕೆ ಬಿಗಿದರು. ಕೆಳಗೆ ಆರ್.ಸಿ. ಪುಸ್ತಕ ಇಡಲು ನಾನೊಂದು ಜೇಬು ಹೊಲಿದೆ. ಗಾಜಿಗೆ ಮಾತ್ರ ಸ್ವಿಚ್ಚು ಬೇಡ, ಕೈಯಲ್ಲಿ ತಿರುಗಿಸುವ ಹಿಡಿಕೆಯೇ ಇರಲಿ ಎಂದೆ. ಮಗಳು ಕಾರಣ ಕೇಳಲಿಲ್ಲ. ಬಳೆಯ ಗೆರೆಗಳಿದ್ದ ಹಳೆಯ ರೆಕ್ಸಿನ್ ಈಗ ನನ್ನ ಟ್ರಂಕಿನಲ್ಲಿದೆ.

ಆ ವರ್ಷ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತೆಂದು ಪತ್ರಿಕೆಯಲ್ಲಿ ಓದಿದೆವು. ಅದಾದ ಮೊದಲ ಭಾನುವಾರ ನಮ್ಮ ಗಾಡಿ ಶೆಡ್ಡಿನಿಂದ ಹೊರಟಿತು. ಮಗಳ ಮದುವೆಯ ಮಾತು ಎಲ್ಲಿತ್ತೋ ಅಲ್ಲೇ ಇದೆ. ಮುಂದೆ ಅವಳು, ಪಕ್ಕದಲ್ಲಿ ನಾನು. ನಮ್ಮವರು ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತಿದ್ದು, ಏನೂ ಹೇಳದೆ ಬಂದು ಹಿಂದೆ ಎಡಗಡೆ, ಅವರ ತಾಯಿಯ ಜಾಗದಲ್ಲಿ ಕೂತರು. ಗಾಂಧಿ ಬಜಾರಿನ ಹತ್ತಿರ ಬರುತ್ತಲೂ ಹಿಂದಿನಿಂದ ಕೇಳಿದರು:

“ಸೆಕೆ ಆಗ್ತಿದೆ. ಈ ಗಾಜು ಇಳಿಸೋದು ಯಾವ ಕಡೆ ತಿರುಗಿಸಿದರೇ?”