ಬಕ ಊಟ ಮಾಡಿತೇನು?

ನಮ್ಮೂರು ಮಾದನಹಿಪ್ಪರಗಾ, ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನಲ್ಲಿದೆ. ಮಹಾರಾಷ್ಟ್ರದ ಗಡಿ ಹತ್ತಿರವಿರುವುದರಿಂದ ಇಲ್ಲಿ ಕನ್ನಡದ ಜೊತೆಗೆ ಮರಾಠಿಯೂ ಕಿವಿಗೆ ಬೀಳುತ್ತದೆ. ಸುತ್ತಲೂ ಕರಿ ಎರೆಹೊಲ. ದೀಪಾವಳಿಯ ಹೊತ್ತಿಗೆ ತೊಗರಿ ಎದೆಯೆತ್ತರ ನಿಂತು ಹಳದಿ ಹೂ ಬಿಡುತ್ತಿರುತ್ತದೆ. ದೊಡ್ಡ ನೀರು ನೋಡಬೇಕೆಂದರೆ ನಮ್ಮ ತಾಲೂಕಿನ ಅಮರ್ಜಾ ನದಿಗೆ ಹೋಗಬೇಕು. ಆ ನದಿ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ, ಭೀಮೆ ಮುಂದೆ ಹೋಗಿ ಕೃಷ್ಣೆಯನ್ನು ಕೂಡುತ್ತದೆ. ನಾನು ಹೇಳಹೊರಟಿರುವುದು ಮಾತ್ರ ಒಂದು ಸಣ್ಣ ಹಳ್ಳದ ಸಂಗತಿ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಊರೂರು ತಿರುಗಿ, ನಿವೃತ್ತಿಯ ನಂತರ ಮತ್ತೆ ಇಲ್ಲಿಗೇ ಬಂದು ನೆಲೆಸಿದ್ದೇನೆ. ದಿನಾ ಬೆಳಿಗ್ಗೆ ಹೊಲದ ಹಾದಿ ಹಿಡಿದು ಹಳ್ಳದ ಬಾಂದಾರದ ತನಕ ನಡೆಯುತ್ತೇನೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಮೊಣಕಾಲಷ್ಟು ನೀರು ನಿಲ್ಲುತ್ತದೆ. ಆ ನೀರಿಗೆ ಒಂದು ಬೂದು ಬಕ ಬರುತ್ತದೆ.

ಈ ಸಲ ದೀಪಾವಳಿ ರಜೆಗೆ ಪುಣೆಯಿಂದ ಮೊಮ್ಮಗಳು ಬಂದಿದ್ದಳು. ಐದನೇ ತರಗತಿ. ಒಂದು ಬೆಳಿಗ್ಗೆ ಅವಳೂ ನನ್ನ ಜೊತೆ ಹೊರಟಳು. ಬಕ ಆಗಲೇ ನೀರಿನ ಅಂಚಿನಲ್ಲಿ ನಿಂತಿತ್ತು. ಎತ್ತರ ಹೆಚ್ಚುಕಡಿಮೆ ಒಂದು ಮೀಟರು, ಬೂದು ಮೈ, ಹಳದಿ ಕೊಕ್ಕು, ಕಣ್ಣ ಮೇಲಿಂದ ಹಿಂದಕ್ಕೆ ಇಳಿದ ಕಪ್ಪು ಪಟ್ಟಿ. ಇಷ್ಟು ದೊಡ್ಡದಾಗಿ ಕಂಡರೂ ಅದರ ತೂಕ ಎರಡು ಕಿಲೋ ದಾಟುವುದು ಅಪರೂಪ.

ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಅದು ಅಲುಗಲಿಲ್ಲ.

"ಮುತ್ಯಾ, ಅದು ಖರೇ ಹಕ್ಕಿ ಅದನೋ, ಬೊಂಬಿ ಅದನೋ?"

"ಸುಮ್ಮ ಕೂಡವ್ವಾ. ಅದು ಕೆಲಸ ಮಾಡ್ಲಾಕತ್ತದ."

ಕಾಲು ಗಂಟೆಯ ಮೇಲೆ ಅದರ ಕುತ್ತಿಗೆ ನಿಧಾನವಾಗಿ ಬಾಗಿತು. ಮರುಕ್ಷಣ ಕೊಕ್ಕು ನೀರಿಗೆ ಬಡಿದು ಮೇಲೆ ಬಂತು. ಅದರಲ್ಲಿ ಅಂಗೈಯುದ್ದದ ಮೀನೊಂದು ಬೆಳ್ಳಗೆ ಮಿಂಚುತ್ತ ಒದ್ದಾಡುತ್ತಿತ್ತು.

ಆಗ ಮೊಮ್ಮಗಳು ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದಳು. "ಬಿಡು! ಬಿಡು ಅದನ್ನ!" ಎಂದು ಕೂಗಿದಳು. ಬಕ ಬೆಚ್ಚಿಬಿದ್ದು ಮೀನನ್ನು ಕೆಸರಿಗೆ ಚೆಲ್ಲಿ, ಗೊಗ್ಗರು ದನಿಯಲ್ಲಿ ಕೂಗುತ್ತ ತೊಗರಿ ಹೊಲದ ಆಚೆಗೆ ಹಾರಿಹೋಯಿತು.

ಅವಳು ಓಡಿಹೋಗಿ ಒಂದು ಕಡ್ಡಿಯಿಂದ ಮೀನನ್ನು ನೀರಿಗೆ ತಳ್ಳಿದಳು. ಅದು ಈಜಲಿಲ್ಲ. ಪಕ್ಕಕ್ಕೆ ವಾಲಿ ಒಂದೆರಡು ಸಲ ಬಾಯಿ ತೆರೆಯಿತು, ಅಷ್ಟೇ. ಅವಳ ಕಣ್ಣು ತುಂಬಿತು. ಗದರಬೇಕೆಂದು ನನಗೂ ಅನಿಸಲಿಲ್ಲ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಅವಳೇ ಕೇಳಿದಳು: "ಮುತ್ಯಾ, ಈಗ ಬಕ ಏನು ತಿಂತದ?"

ಮರುದಿನ ಹೋದೆವು. ಬಕ ಬರಲಿಲ್ಲ.

ಆ ಮಧ್ಯಾಹ್ನ ಅವಳಿಗೆ ಒಂದು ಆಟ ತೋರಿಸಿದೆ. ಮಕ್ಕಳೇ, ನೀವೂ ಮಾಡಿ ನೋಡಿ. ಒಂದು ಸ್ಟೀಲ್ ಬಟ್ಟಲಿನ ತಳದಲ್ಲಿ ನಾಣ್ಯ ಇಡಿ. ಬಟ್ಟಲಿನ ಅಂಚು ಅಡ್ಡಬಂದು ನಾಣ್ಯ ಕಾಣದಂತಾಗುವವರೆಗೆ ಹಿಂದೆ ಸರಿಯಿರಿ. ಅಲ್ಲೇ ನಿಂತು, ಅಜ್ಜನಿಗೋ ಅಜ್ಜಿಗೋ ಹೇಳಿ ಬಟ್ಟಲಿಗೆ ಮೆಲ್ಲಗೆ ನೀರು ಹುಯ್ಯಿಸಿ. ಕಾಣದಿದ್ದ ನಾಣ್ಯ ಕಾಣತೊಡಗುತ್ತದೆ! ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಆದ್ದರಿಂದ ನೀರಿನೊಳಗಿನ ವಸ್ತು ಇದ್ದ ಜಾಗಕ್ಕಿಂತ ಮೇಲೆ ಇದ್ದಂತೆ ಕಾಣುತ್ತದೆ.

"ಹಂಗಾದ್ರ ಬಕಕ್ಕೂ ಮೀನು ಇಲ್ಲದ ಜಾಗದಾಗ ಕಾಣಸ್ತದ?" ಎಂದಳು.

ಹೌದು. ಕಂಡ ಕಡೆಗೇ ಕೊಕ್ಕು ಹಾಕಿದರೆ ಗುರಿ ತಪ್ಪುತ್ತದೆ. ಎಷ್ಟು ಆಚೀಚೆ ಹೊಡೆಯಬೇಕೆಂಬ ಲೆಕ್ಕವನ್ನು ಅದು ಪ್ರತಿ ಸಲವೂ ಹಾಕಬೇಕು. ನಾನು ಬಿ.ಕಾಂ. ಓದಿ ಜೀವನವಿಡೀ ಲೆಕ್ಕ ಬರೆದವನು. ಆದರೆ ಓಡಾಡುವ ಮೀನಿನ ಲೆಕ್ಕ ನನಗೆ ಬಾರದು.

ಮೂರನೆಯ ದಿನ ಇನ್ನೂ ಮಬ್ಬಿರುವಾಗಲೇ ಅವಳೇ ನನ್ನನ್ನು ಎಬ್ಬಿಸಿದಳು. ಈ ಸಲ ದೂರದಲ್ಲಿ, ಜಾಲಿಗಿಡದ ಮರೆಯಲ್ಲಿ ಕೂತೆವು. ಬಿಸಿಲು ಬೀಳುವ ಹೊತ್ತಿಗೆ ಬಕ ಬಂತು. ಕೊಕ್ಕರೆಗಳು ಕುತ್ತಿಗೆ ಮುಂದಕ್ಕೆ ಚಾಚಿ ಹಾರುತ್ತವೆ, ಬಕ ಕುತ್ತಿಗೆಯನ್ನು ಭುಜಗಳ ನಡುವೆ ಮಡಚಿಕೊಂಡು ಹಾರುತ್ತದೆ. ದೂರದಿಂದ ಗುರುತು ಹಿಡಿಯಲು ಇಷ್ಟು ಸಾಕು. ಅದರ ಕುತ್ತಿಗೆಯ ಎಲುಬುಗಳ ಜೋಡಣೆಯೇ ವಿಶೇಷ. ಮಡಚಿದ ಕುತ್ತಿಗೆ ಸ್ಪ್ರಿಂಗಿನ ಹಾಗೆ ಒಮ್ಮೆಲೇ ಮುಂದಕ್ಕೆ ಚಿಮ್ಮುತ್ತದೆ.

ಮೊಮ್ಮಗಳು ನನ್ನ ಡೈರಿ ಇಸಿದುಕೊಂಡು ಗೆರೆ ಎಳೆಯುತ್ತ ಕೂತಳು. ಒಂದು ಹೊಡೆತ, ತಪ್ಪಿತು. ಎರಡು, ತಪ್ಪಿತು. ಐದನೆಯದಕ್ಕೆ ಒಂದು ಸಣ್ಣ ಮೀನು. ಆರು, ಏಳು, ಎಂಟು ಬರೀ ನೀರು. ಒಂಬತ್ತನೆಯದಕ್ಕೆ ದೊಡ್ಡ ಮೀನೊಂದು ಸಿಕ್ಕಿತು. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಕೂಗಲಿಲ್ಲ.

ಬಕ ಮೀನನ್ನು ಕೂಡಲೇ ನುಂಗಲಿಲ್ಲ. ದಂಡೆಗೆ ಬಂದು ಕೊಕ್ಕಿನಲ್ಲೇ ಹೊರಳಿಸಿ ಹೊರಳಿಸಿ ಅದರ ತಲೆ ತನ್ನ ಗಂಟಲಿನ ಕಡೆಗೆ ಬರುವಂತೆ ಮಾಡಿಕೊಂಡಿತು. ತಲೆ ಮೊದಲು ಹೋದರೆ ಮೀನಿನ ಬೆನ್ನಿನ ಮುಳ್ಳು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬಾಲ ಮೊದಲು ಹೋದರೆ ಅದೇ ಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಆಮೇಲೆ ಕೊಕ್ಕು ಮೇಲೆತ್ತಿತು. ಉದ್ದ ಕುತ್ತಿಗೆಯಲ್ಲಿ ಒಂದು ಗಂಟು ಮೆಲ್ಲಗೆ ಕೆಳಗಿಳಿಯಿತು. ಒಂದು ಗುಟುಕು ನೀರು ಕುಡಿದು, ತಲೆ ಕೊಡವಿ, ಮತ್ತೆ ಮೊದಲಿನ ಹಾಗೇ ನಿಂತಿತು.

"ಮುತ್ಯಾ, ನಾನು ಮೀನಿನ ಕಡಿ ಇರಬೇಕೋ, ಬಕದ ಕಡಿ ಇರಬೇಕೋ?"

ಬ್ಯಾಂಕಿನ ಪುಸ್ತಕದಲ್ಲಿ ಒಂದು ಕಡೆ ಖರ್ಚು ಬರೆದರೆ ಇನ್ನೊಂದು ಕಡೆ ಜಮಾ ಬರೆಯಲೇಬೇಕು, ಹಾಗೆಯೇ ಇದೂ ಎಂದು ಹೇಳಲು ಹೊರಟೆ. ಆದರೆ ಬೆಳ್ಳಗೆ ಒದ್ದಾಡಿದ ಆ ಮೀನು ನನ್ನ ಕಣ್ಣ ಮುಂದೆಯೂ ಇತ್ತು. "ನನಗೂ ತಿಳಿಯೋದಿಲ್ಲವ್ವಾ," ಎಂದೆ. "ನಮ್ಮ ಮನಿಯಾಗ ರೊಟ್ಟಿ ಅದ, ಬ್ಯಾಳಿ ಅದ. ಅದಕ್ಕ ಈ ಹಳ್ಳ ಒಂದೇ ಅದ."

ಅವಳು ಸ್ವಲ್ಪ ಹೊತ್ತು ಯೋಚಿಸಿ ಡೈರಿಯಲ್ಲಿ ಬರೆದಳು: ಒಂಬತ್ತು ಹೊಡೆತ, ಎರಡು ಮೀನು, ಏಳು ಸಲ ಉಪವಾಸ.

ಕಪಟಿಗಳನ್ನು ಕಂಡರೆ ನಾವು 'ಬಕಧ್ಯಾನ' ಎನ್ನುತ್ತೇವೆ. ಪಂಚತಂತ್ರದ ಬಕವೂ ಮೀನುಗಳಿಗೆ ಮೋಸ ಮಾಡಿ ಕೊನೆಗೆ ಏಡಿಯ ಕೈಯಲ್ಲಿ ಸಾಯುತ್ತದೆ. ನಾನೂ ಆ ಮಾತನ್ನು ಬೇಕಾದಷ್ಟು ಸಲ ಆಡಿದ್ದೇನೆ. ಆ ಬೆಳಿಗ್ಗೆ ಏಳು ಸಲ ಸೋತು ಮತ್ತೆ ನಿಂತದ್ದನ್ನು ಕಂಡ ಮೇಲೆ ಇನ್ನು ಆಡಬಾರದು ಅನಿಸಿದೆ.

ರಜೆ ಮುಗಿದು ಅವಳು ಪುಣೆಗೆ ಹೋದಳು. ಬೇಸಿಗೆ ಬಂದರೆ ಬಾಂದಾರದ ನೀರು ಬತ್ತುತ್ತದೆ, ಬಕವೂ ನೀರಿದ್ದ ಕಡೆ ಹೋಗುತ್ತದೆ. ಅಲ್ಲಿಯವರೆಗೆ ನನಗೊಂದು ಕೆಲಸ ಸಿಕ್ಕಿದೆ. ಭಾನುವಾರ ಫೋನ್ ಬಂದರೆ ಮೊದಲು ನನ್ನ ಮೊಣಕಾಲು ನೋವಿನ ವಿಚಾರ ಕೇಳುತ್ತಿದ್ದವಳು ಈಗ ಮೊದಲು ಕೇಳುವುದು ಇಷ್ಟು:

"ಮುತ್ಯಾ, ಇವತ್ತು ಬಕ ಊಟ ಮಾಡ್ತೇನು?"